ಎಂಟನೆಯ ಬಾಯಿ

ಏಸಿ ಯಂತ್ರ ನಡೆಯುತ್ತಿತ್ತು, ಅದರ ಸದ್ದು ಮನೆತುಂಬ ಕೇಳುತ್ತಿತ್ತು, ಗಾಳಿಯೂ ಬರುತ್ತಿತ್ತು. ತಂಪು ಮಾತ್ರ ಇರಲಿಲ್ಲ. ಏಪ್ರಿಲ್ ತಿಂಗಳ ಎರಡನೆಯ ವಾರದ ಆ ಮಧ್ಯಾಹ್ನ ಸುಗಂಧಾ ಪಡಸಾಲೆಯ ನಡುವೆ ಕುರ್ಚಿ ಹಾಕಿ, ಅದರ ಮೇಲೆ ನಿಂತು, ಛತ್ತಿನಲ್ಲಿ ಗಾಳಿ ಬರುವ ಜಾಳಿಗೆ ಅಂಗೈ ಹಿಡಿದಳು. ಯಾರೋ ದೂರದಿಂದ ಊದಿದ ಹಾಗೆ ಒಂದಿಷ್ಟು ಗಾಳಿ ಬೆರಳಿಗೆ ತಾಗಿತು. ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕಕ್ಕೆ ಹೊಂದಿಸಿಟ್ಟಿದ್ದರೂ ಮನೆಯೊಳಗಿನ ಬಿಸಿ ಮೂವತ್ತೊಂದು ಎಂದೇ ಅದು ತೋರಿಸುತ್ತಿತ್ತು.

ಅಂಕಲಿ ಊರಿನಲ್ಲಿ ಏಸಿ ಇದ್ದ ಮನೆಗಳು ಬೇಕಾದಷ್ಟಿದ್ದವು. ಆದರೆ ಪಿಓಪಿ ಛತ್ತಿನೊಳಗೆ ಡಕ್ಟ್ ಎಂಬ ಗಾಳಿಯ ಕೊಳವೆ ಎಳೆದು, ಕೋಣೆಕೋಣೆಗೂ ಒಂದೊಂದು ಜಾಳಿ ಕೊಟ್ಟು, ಒಂದೇ ಯಂತ್ರದಿಂದ ಇಡೀ ಮನೆಗೆ ತಂಪು ಹಾಯಿಸಿದ್ದು ಅವಳ ಗಂಡ ಬಾಹುಬಲಿಯ ಮನೆಯೊಂದರಲ್ಲೇ. ಕಬ್ಬಿನ ಹೊಲ, ಊರ ಅಗಸಿಬಾಗಿಲಿನ ಹತ್ತಿರ ಗೊಬ್ಬರದ ಅಂಗಡಿ ಇದ್ದ ಬಾಹುಬಲಿ ಎರಡು ವರ್ಷದ ಹಿಂದೆ ಬಹಳ ಹುರುಪಿನಿಂದ ಅದನ್ನು ಹಾಕಿಸಿದ್ದ. ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಸಹ ಚಾದರ ಹೊದ್ದು ಮಲಗುವಷ್ಟು ತಂಪು ಇತ್ತು. ಈ ವರ್ಷ ಮಾರ್ಚ್ ಮುಗಿಯುವುದರೊಳಗೆ ಏನೋ ಕೆಟ್ಟಿತು. ಬರುವ ಭಾನುವಾರ ಅಥಣಿಯಿಂದ ಮಗಳು ಮೇಘಾ, ಅಳಿಯ ಮತ್ತು ಬೀಗರು ಬರುವವರಿದ್ದರು. ಬೀಗರಿಗೆ ಹೃದಯದ ಆಪರೇಷನ್ ಆಗಿತ್ತು, ಸೆಕೆ ತಾಳುತ್ತಿರಲಿಲ್ಲ.

ಹೋದ ವಾರ ಚಿಕ್ಕೋಡಿಯಿಂದ ಒಬ್ಬ ಮೆಕ್ಯಾನಿಕ್ ಬಂದುಹೋಗಿದ್ದ. ಫಿಲ್ಟರ್ ತೊಳೆದ, ಮೇಲೆ ಹೋಗಿ ಹೊರಗಿನ ಯಂತ್ರಕ್ಕೆ ನೀರು ಹೊಡೆದ, ಗ್ಯಾಸ್ ಕಡಿಮೆಯಾಗಿದೆ ಎಂದು ಗ್ಯಾಸ್ ತುಂಬಿದ. ಏನೂ ಉಪಯೋಗವಾಗಲಿಲ್ಲ. ಅವನು ಮೋಸ ಮಾಡಿದ, ಗ್ಯಾಸು ಕಡಿಮೆಯೇ ಆಗಿರಲಿಲ್ಲ ಎಂದು ಸುಗಂಧಾಳಿಗೆ ಆವತ್ತೇ ಅನ್ನಿಸಿತ್ತು. ಆದರೆ ಈಗ ಅವಳ ತಲೆಯಲ್ಲಿ ಕೊರೆಯುತ್ತಿದ್ದುದು ಮೆಕ್ಯಾನಿಕನ ಮಾತಲ್ಲ, ಗಂಡನ ಮಾತು.

ಬಾಹುಬಲಿ ಯಾವ ಕೆಲಸಗಾರನನ್ನೂ ಅಷ್ಟು ಸುಲಭಕ್ಕೆ ಬಿಟ್ಟವನಲ್ಲ. ನಲ್ಲಿ ಹಾಕುವವನು ಬಂದರೆ ಅವನ ಹಿಂದೆಯೇ ನಿಂತು ಹತ್ತು ಪ್ರಶ್ನೆ ಕೇಳುವ ಮನುಷ್ಯ. ಆವತ್ತು ಮೆಕ್ಯಾನಿಕ್ ಹಿಂದಿನ ಸಾಮಾನಿನ ಕೋಣೆಗೆ ಏಣಿ ಒಯ್ದಾಗ ಮಾತ್ರ ಅಡ್ಡ ಬಂದು, “ಅಲ್ಲಿ ಮ್ಯಾಲ ಬರೇ ವೈರ್ ಅದಾವ. ಹತ್ತಬ್ಯಾಡ್ರಿ, ಅಲ್ಲೇನೂ ಇಲ್ಲ,” ಎಂದಿದ್ದ. ಹೋಗುವಾಗ ಅವನನ್ನು ಬಾಗಿಲಿನ ಹೊರಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿ ಏನೋ ಹೇಳಿದ್ದ. ಸುಗಂಧಾ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಒಳಗೆ ಬಂದ ಮೇಲೆ ಕೇಳಿದರೆ, “ಏನಿಲ್ಲ, ಬಿಲ್ಲಿನ ಮಾತು,” ಎಂದ. ಬಿಲ್ಲಿನ ಮಾತನ್ನು ಮನುಷ್ಯ ಊರಿಗೆಲ್ಲ ಕೇಳುವ ಹಾಗೆ ಆಡುತ್ತಾನೆಯೇ ಹೊರತು ಪಿಸುಗುಟ್ಟುವುದಿಲ್ಲ.

ಅಂದಿನಿಂದ ಅವಳು ಗಂಡನ ಮೇಲೆ ಕಣ್ಣಿಟ್ಟಳು. ಊಟವಾದ ಮೇಲೆ ಅವನು ಅಂಗಡಿಗೆ ಹೋಗುವ ಮುಂಚೆ ಸಾಮಾನಿನ ಕೋಣೆಗೆ ಹೋಗುತ್ತಿದ್ದ, ಬಾಗಿಲು ಮುಂದೆ ಮಾಡುತ್ತಿದ್ದ, ಹತ್ತು ನಿಮಿಷ ಬಿಟ್ಟು ಹೊರಗೆ ಬರುತ್ತಿದ್ದ. ಕೇಳಿದರೆ ಅರಿಶಿನದ ಚೀಲಕ್ಕೆ ಹುಳ ಬಿದ್ದಿವೆಯೋ ನೋಡಿದೆ ಎನ್ನುತ್ತಿದ್ದ. ಒಂದು ದಿನ ಬಾಗಿಲಿಗೆ ಕಿವಿ ಕೊಟ್ಟಾಗ ಒಳಗೆ ಅವನ ದನಿ ಕೇಳಿದ ಹಾಗಾಯಿತು. ಫೋನಿನಲ್ಲಿ ಮಾತಾಡುತ್ತಿದ್ದಾನೆ ಎಂದುಕೊಂಡಳು. ಹೊರಗೆ ಬಂದಮೇಲೆ ನೋಡಿದರೆ ಅವನ ಫೋನು ಪಡಸಾಲೆಯ ಟೇಬಲ್ಲಿನ ಮೇಲೆ ಚಾರ್ಜಿಗೆ ಹಚ್ಚಿದ್ದು ಹಾಗೆಯೇ ಇತ್ತು.

ಸುಗಂಧಾ ಮೊದಲಿನಿಂದ ಇಂಥವಳಲ್ಲ. ಆರು ವರ್ಷದ ಹಿಂದೆ ಮೇಘಾಳಿಗೆ ಕಾಗವಾಡದ ಒಂದು ಒಳ್ಳೆಯ ಮನೆತನದಿಂದ ಸಂಬಂಧ ಬಂದಿತ್ತು. ಎರಡೂ ಕಡೆ ಒಪ್ಪಿಗೆಯಾಗಿ ಸಾಖರಪುಡಾದ, ಅಂದರೆ ನಿಶ್ಚಿತಾರ್ಥದ, ದಿನವೂ ಗೊತ್ತಾಗಿತ್ತು. ಎರಡು ದಿನ ಇದೆ ಎನ್ನುವಾಗ ಅವರು ಫೋನು ಮಾಡಿ, ಹುಡುಗಿಗೆ ಫಿಟ್ಸ್ ಬರುತ್ತದಂತೆ, ನಮಗೆ ಬೇಡ ಎಂದು ಮುರಿದುಕೊಂಡರು. ಮೇಘಾ ನಾಲ್ಕು ವರ್ಷದವಳಿದ್ದಾಗ ಜ್ವರ ನೆತ್ತಿಗೇರಿ ಎರಡು ಸಲ ಸೆಳೆತ ಬಂದಿದ್ದು ನಿಜ. ಮತ್ತೆಂದೂ ಬರಲಿಲ್ಲ. ಆ ಸಂಗತಿ ಮನೆಯ ನಾಲ್ವರು ದೊಡ್ಡವರನ್ನು ಬಿಟ್ಟು ಐದನೆಯವರಿಗೆ ಗೊತ್ತಿರಲಿಲ್ಲ. ಆ ನಾಲ್ವರೆಂದರೆ ಸುಗಂಧಾ, ಬಾಹುಬಲಿ, ಅವನ ಅಣ್ಣ ಭೂಪಾಲ ಮತ್ತು ಅಣ್ಣನ ಹೆಂಡತಿ ಚಂಪಾವತಿ.

ಹೇಳಿದವಳು ಚಂಪಾವತಿಯೇ ಎಂದು ಸುಗಂಧಾ ನಿಶ್ಚಯಿಸಿದಳು. ಸಾಕ್ಷಿ ಇರಲಿಲ್ಲ. ಚಂಪಾವತಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಸುಮ್ಮನೆ ಒಳಗೆ ಹೋಗಿ ಕುಳಿತಳು. ವರ್ಷ ತುಂಬುವುದರೊಳಗೆ ಹಳೆಯ ವಾಡೆ ಎರಡು ಪಾಲಾಯಿತು. ಬಾಹುಬಲಿ ತನ್ನ ಪಾಲನ್ನು ಕೆಡವಿ ಹೊಸ ಮನೆ ಕಟ್ಟಿದ. ಭೂಪಾಲ ತನ್ನ ಪಾಲಿನ ಮಣ್ಣಿನ ಗೋಡೆಯ ಮನೆಯಲ್ಲೇ ಉಳಿದ. ಎರಡು ಮನೆಗಳ ಗೋಡೆಗಳ ನಡುವೆ ಒಂದು ಮೊಳದ ಸಂದು ಬಿಟ್ಟಿದ್ದರು, ಅಷ್ಟೇ. ಮಾತು ನಿಂತುಹೋಗಿತ್ತು. ಮುಂದೆ ಅಥಣಿಯ ಸಂಬಂಧ ಬಂದಾಗ ಸುಗಂಧಾ ತಾನೇ ಮುಂದಾಗಿ ಎಲ್ಲವನ್ನೂ ಹೇಳಿದಳು. ಆ ಬೀಗರು ನಕ್ಕು, ಸಣ್ಣವರಿದ್ದಾಗ ಜ್ವರದಲ್ಲಿ ಯಾವ ಮಗುವಿಗೆ ಸೆಳೆತ ಬರುವುದಿಲ್ಲ ಎಂದುಬಿಟ್ಟಿದ್ದರು. ಮೇಘಾ ಚೆನ್ನಾಗಿದ್ದಳು. ಆದರೂ ಸುಗಂಧಾಳ ಒಳಗೆ ಆ ಮುಳ್ಳು ಹಾಗೆಯೇ ಉಳಿದಿತ್ತು.

ಶುಕ್ರವಾರ ಬಾಹುಬಲಿ ಗೊಬ್ಬರದ ವ್ಯಾಪಾರಿಗಳ ಮೀಟಿಂಗಿಗೆಂದು ರಾಯಬಾಗಕ್ಕೆ ಹೊರಟ. ಅವನ ಗಾಡಿ ಓಣಿ ದಾಟಿದ ಕೂಡಲೇ ಸುಗಂಧಾ ನಿಪ್ಪಾಣಿಗೆ ಫೋನು ಹಚ್ಚಿದಳು. ಅಲ್ಲಿನ ಸಂಭಾಜಿ ಎಂಬ ಮೆಕ್ಯಾನಿಕನ ನಂಬರನ್ನು ಮೇಘಾ ಹಿಂದಿನ ದಿನವೇ ಕಳಿಸಿದ್ದಳು. ದೊಡ್ಡ ದೊಡ್ಡ ಬಂಗಲೆಗಳ ಡಕ್ಟ್ ಏಸಿಗಳನ್ನು ನೋಡಿಕೊಳ್ಳುವ ಮನುಷ್ಯ ಎಂದು ಹೇಳಿದ್ದಳು.

ಸಂಭಾಜಿ ಹನ್ನೊಂದು ಗಂಟೆಗೆ ಬಂದ. ಐವತ್ತರ ಸುಮಾರಿನ, ನೆರೆತ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಸುಗಂಧಾ ಅವನನ್ನೂ ನಂಬಲಿಲ್ಲ.

“ಗ್ಯಾಸ್ ಕಡಿಮಿ ಆಗೇತಿ ಅಂತ ಮಾತ್ರ ಹೇಳಬ್ಯಾಡ್ರಿ,” ಎಂದು ಬಾಗಿಲಲ್ಲೇ ಹೇಳಿದಳು. “ಹೋದ ವಾರಾನ ತುಂಬ್ಯಾರ.”

“ನೋಡದ ಹ್ಯಾಂಗ ಹೇಳಲಿ ಅಕ್ಕಾರ? ಮೊದಲ ನೋಡೂಣು.”

ಅವನು ಗೋಡೆಯ ಪೆಟ್ಟಿಗೆಯನ್ನು ನೋಡಿದ. ಫಿಲ್ಟರ್ ಹೊರಗೆಳೆದು ಬೆಳಕಿಗೆ ಹಿಡಿದ. ಮೇಲ್ಛಾವಣಿಗೆ ಹೋಗಿ ಹೊರಗಿನ ಯಂತ್ರದ ಫ್ಯಾನು ತಿರುಗುವುದನ್ನು, ಅದರ ಬಿಸಿಗಾಳಿಯನ್ನು, ಗ್ಯಾಸಿನ ಒತ್ತಡವನ್ನು ನೋಡಿದ. ಅವನ ಹಿಂದೆಯೇ ಸುಗಂಧಾ ಬಿಸಿಲಿನಲ್ಲಿ ಸೆರಗು ಹೊದ್ದು ನಿಂತಿದ್ದಳು. ಮೊಬೈಲಿನಲ್ಲಿ ಎರಡು ದಿನ ವಿಡಿಯೋ ನೋಡಿ ಅವಳಿಗೂ ಒಂದಿಷ್ಟು ತಿಳಿದಿತ್ತು. “ಆ ಕಾಟಾ ಎಷ್ಟಕ್ಕ ನಿಂತೈತಿ?” ಎಂದು ಕೇಳಿದಳು. ಅವನು ಬೇಸರಪಡದೆ ಒತ್ತಡದ ಮಾಪಕದ ಮುಳ್ಳನ್ನು ತೋರಿಸಿದ.

ಕೆಳಗೆ ಬಂದು, ಯಂತ್ರ ಗಾಳಿಯನ್ನು ಒಳಗೆಳೆದುಕೊಳ್ಳುವ ದೊಡ್ಡ ಜಾಳಿಯ ಹತ್ತಿರ ಒಂದು ಸಣ್ಣ ಥರ್ಮಾಮೀಟರ್ ಹಿಡಿದ. ಮೂವತ್ತೊಂದು. ನಡುಮನೆಯ ಛತ್ತಿನ ಮುಚ್ಚಳ ತೆಗೆದು, ಯಂತ್ರದಿಂದ ಗಾಳಿ ಹೊರಬೀಳುವ ಪೆಟ್ಟಿಗೆಗೆ ಅದನ್ನೇ ಹಿಡಿದ. ಹದಿನಾರು.

“ನಿಮ್ಮ ಮಷೀನ್ ಏಕದಂ ಠೀಕ್ ಐತ್ರಿ ಅಕ್ಕಾರ. ತಂಪು ಮಾಡಾಕತ್ತೈತಿ. ಆದರ ಮಾಡಿದ ತಂಪು ನಿಮ್ಮ ಮನ್ಯಾಗ ಉಳಿಯವಲ್ದು.”

“ಅಂದ್ರ?”

“ಒಂದ ಊದಿನಕಡ್ಡಿ ಕೊಡ್ರಿ.”

ಅವನು ಮುಂಬಾಗಿಲು ಮುಚ್ಚಿ, ಊದುಬತ್ತಿ ಹಚ್ಚಿ, ಬಾಗಿಲಿನ ಕೆಳಗಿನ ಸಂದಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ಹೊಗೆ ಮೇಲಕ್ಕೇಳಲಿಲ್ಲ. ಯಾರೋ ಎಳೆದ ಹಾಗೆ ಬಾಗಿ ಮನೆಯೊಳಕ್ಕೆ ಸರಿಯಿತು. ಕಿಟಕಿಯ ಸಂದಿಗೆ ಹಿಡಿದರೂ ಹಾಗೆಯೇ.

“ನೋಡ್ರಿ. ಮನಿ ಹೊರಗಿನ ಬಿಸಿ ಗಾಳಿ ಜಗ್ಗಾಕತ್ತೈತಿ. ಯಾಕ? ಒಳಗಿನ ಗಾಳಿ ಎಲ್ಲ್ಯೋ ಹೊರಗ ಹೋಗಾಕತ್ತೈತಿ, ಅದಕ್ಕ. ಎಷ್ಟು ಹೋಗತೈತೋ ಅಷ್ಟು ಬರತೈತಿ.”

ತನ್ನ ಮನೆಯಿಂದ ಏನೋ ಹೊರಗೆ ಹೋಗುತ್ತಿದೆ ಎಂದು ಸುಗಂಧಾಳಿಗೆ ವಾರದಿಂದ ಅನ್ನಿಸುತ್ತಲೇ ಇತ್ತು.

ಸಂಭಾಜಿ ಮತ್ತೆ ಏಣಿ ಹತ್ತಿ ಛತ್ತಿನೊಳಗೆ ಟಾರ್ಚು ಬಿಟ್ಟ. ಬೆರಳು ಮಡಿಚಿ ಏನೋ ಎಣಿಸಿದ. ಇಳಿದು ಬಂದು ಕೋಣೆಕೋಣೆಗೂ ಹೋಗಿ ಮೇಲೆ ನೋಡಿದ. ಪಡಸಾಲೆಗೆ ಎರಡು, ನಡುಮನೆಗೆ ಒಂದು, ಅಡುಗೆಮನೆಗೆ ಒಂದು, ಮಲಗುವ ಕೋಣೆ ಮೂರಕ್ಕೆ ಮೂರು.

“ಅಕ್ಕಾರ, ಮನ್ಯಾಗ ಏಳ ಬಾಯಿ ಅದಾವ. ಆದರ ಪೆಟ್ಟಿಗಿಯಿಂದ ಹೊಂಟಿದ್ದು ಎಂಟ. ಎಂಟನೇ ಬಾಯಿ ಎಲ್ಲೈತಿ?”

“ಎಂಟನೇದು ಇಲ್ಲ.”

“ಪೈಪ್ ಐತ್ರಿ. ಹಿಂದಿನ ಕಡೆ ಹೋಗೇತಿ. ಆ ಕೋಲಿ ಯಾವುದು?”

ಅವನ ಕೈ ಸಾಮಾನಿನ ಕೋಣೆಯ ಕಡೆ ಚಾಚಿತ್ತು.

ಆ ಕೋಣೆಗೆ ಏಣಿ ಒಯ್ಯುವಾಗ ಸುಗಂಧಾಳಿಗೆ ಏನೇನೋ ಯೋಚನೆಗಳು ಬಂದವು. ಗಂಡ ಅಲ್ಲಿ ಮೇಲೆ ಏನನ್ನು ಮುಚ್ಚಿಟ್ಟಿದ್ದಾನೆ? ತಂಪಿನಲ್ಲೇ ಇಡಬೇಕಾದ ಅಂಥ ಮಾಲು ಯಾವುದು? ಸರಕಾರದವರಿಗೆ ಸಿಗಬಾರದ ಯಾವುದಾದರೂ ಔಷಧವೋ? ಅಥವಾ ಫೋನೂ ಇಲ್ಲದೆ ಒಳಗೆ ನಿಂತು ಅವನು ಮಾತಾಡುವುದು ಯಾರ ಜೊತೆ? ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡಸಿನ ಬಗ್ಗೆ ಹೀಗೆ ಯೋಚಿಸುವುದಕ್ಕೆ ನಾಚಿಕೆಯಾಯಿತು. ಆದರೂ ಯೋಚನೆ ನಿಲ್ಲಲಿಲ್ಲ.

ಸಂಭಾಜಿ ಅರಿಶಿನದ ಚೀಲಗಳನ್ನು ಸರಿಸಿ ಏಣಿ ನಿಲ್ಲಿಸಿದ. ಛತ್ತಿನ ಚೌಕ ಮುಚ್ಚಳವನ್ನು ಮೇಲೆತ್ತಿ ಎದೆಯವರೆಗೂ ಒಳಗೆ ಹೋದ. ಟಾರ್ಚಿನ ಬೆಳಕು ಆಚೀಚೆ ಆಡಿತು.

“ಏನೈತ್ರಿ ಮಿಸ್ತ್ರಿ?”

“ತಡೀರಿ... ಇದು ಏಸಿ ಹಾಕುವಾಗ ಮಾಡಿದ ಕೆಲಸ ಅಲ್ಲ. ಟೇಪ್ ಬ್ಯಾರೆ, ಕೈ ಬ್ಯಾರೆ. ವರ್ಷದೊಳಗಿಂದು. ನಿಮ್ಮ ಗ್ವಾಡಿಗೆ ತೂತ ಹೊಡದಾರ. ಪೈಪ್ ಅದರಾಗಿಂದ ಆಚೆ ಹೋಗೇತಿ. ಅಲ್ಲೊಂದ ಹಳೇ ಗ್ವಾಡಿ ಐತಿ, ಅದರಾಗ ಒಂದ ಬೆಳಕಿಂಡಿ. ಪೈಪ್ ಅದಕ್ಕ ಹಚ್ಚಿದ್ರು ಅಂತ ಕಾಣತೈತಿ. ಟೇಪ್ ಬಿಟ್ಟು, ಪೈಪ್ ಕಳಚಿ ಎರಡೂ ಗ್ವಾಡಿ ನಡುವಿನ ಸಂದ್ಯಾಗ ಜೋತ ಬಿದ್ದೈತಿ. ಎಲ್ಲಾ ತಂಪು ಆ ಸಂದ್ಯಾಗ ಹೊಂಟೈತಿ. ಗಾಳಿ ಹೆಚ್ಚು ಕಡಿಮಿ ಮಾಡೂ ತಗಡನ್ನೂ ಯಾರೋ ಪೂರಾ ತಗದಿಟ್ಟಾರ.” ಅವನು ಮಾತು ನಿಲ್ಲಿಸಿದ. ತಲೆ ಹೊರಗೆ ತೆಗೆದು ಕೆಳಗೆ ನೋಡಿದ. ಅವನ ಮುಖ ಬದಲಾಗಿತ್ತು.

“ಅಕ್ಕಾರ, ನಿಮ್ಮ ಮಾಲಕರ ಹೆಸರು ಬಾಹುಬಲಿ ಅಲ್ಲೇನ್ರಿ?”

“ಹೌದು. ಯಾಕ?”

“ಆ ಬೆಳಕಿಂಡಿ ಒಳಗಿಂದ ಯಾರೋ ಹೆಣ್ಣಮಗಳು ಅವರ ಹೆಸರ ಹಿಡದ ಕರ್ಯಾಕತ್ತಾರ.”

“ಇಳೀರಿ,” ಎಂದಳು ಸುಗಂಧಾ. ಸೀರೆಯ ನಿರಿಗೆ ಮೇಲೆ ಸಿಕ್ಕಿಸಿ ತಾನೇ ಏಣಿ ಹತ್ತಿದಳು. ಸಂಭಾಜಿ ಕೆಳಗೆ ಏಣಿ ಗಟ್ಟಿಯಾಗಿ ಹಿಡಿದುಕೊಂಡ. ಛತ್ತಿನೊಳಗಿನ ಕತ್ತಲಲ್ಲಿ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ವಾರದಿಂದ ಅವಳು ಹುಡುಕುತ್ತಿದ್ದ ತಂಪು ಇಲ್ಲಿತ್ತು. ಗೋಡೆಯ ತೂತಿನ ಆಚೆಯಿಂದ ದಣಿದ ದನಿಯೊಂದು ಕೇಳಿತು.

“ಬಾಹುಬಲಿ, ಬಂದ್ಯಾ? ಸಪ್ಪಳ ಕೇಳತೈತಿ. ಆಗವಲ್ದು ಅಂದ್ರ ಬಿಡಪಾ. ಏಣಿ ಮ್ಯಾಲಿಂದ ಬಿದ್ದಗಿದ್ದೀ.”

ಆರು ವರ್ಷ ಕೇಳಿರದಿದ್ದರೂ ಗುರುತು ಸಿಗದ ದನಿಯಲ್ಲ ಅದು. ಚಂಪಾವತಿ.

ಸುಗಂಧಾ ಇಳಿದಳು. ಸಂಭಾಜಿಗೆ ಕುಳಿತಿರಲು ಹೇಳಿ, ಚಪ್ಪಲಿ ಮೆಟ್ಟಿ, ಬಿಸಿಲಿನಲ್ಲಿ ಹತ್ತೇ ಹೆಜ್ಜೆ ನಡೆದು ಪಕ್ಕದ ಮನೆಯ ಹೊಸ್ತಿಲ ಮುಂದೆ ನಿಂತಳು. ಅವಳಿಗೆ ಮೋಸವಾಗಿತ್ತು, ಅದೂ ಈ ಒಬ್ಬ ಹೆಂಗಸಿಗಾಗಿ. ಅಂದುಕೊಂಡದ್ದೆಲ್ಲ ಹೇಳಿಬಿಡಬೇಕೆಂದು ಬಾಗಿಲು ನೂಕಿದಳು.

ಭೂಪಾಲ ಮನೆಯಲ್ಲಿರಲಿಲ್ಲ. ಆ ಹೊತ್ತಿನಲ್ಲಿ ಅವನು ಬಸದಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತಿರುತ್ತಾನೆಂದು ಊರಿಗೇ ಗೊತ್ತಿತ್ತು. ನಾಲ್ಕು ವರ್ಷದಿಂದ ಅವನು ವ್ರತ ಹಿಡಿದಿದ್ದ. ಸಣ್ಣ ಜೀವಿಗಳು ಸಾಯುತ್ತವೆಂದು ಮನೆಯಲ್ಲಿ ಫ್ಯಾನು ಸಹ ಹಾಕಗೊಡುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಚಂಪಾವತಿ ಮಲಗಿದ್ದಳು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ಟೊಂಕ ಮುರಿದಿದೆ, ಹಾಸಿಗೆ ಹಿಡಿದಿದ್ದಾಳೆ ಎಂದು ಸುಗಂಧಾ ಕೇಳಿದ್ದಳು. ನೋಡಲು ಬಂದಿರಲಿಲ್ಲ. ದುಂಡಗೆ ತುಂಬಿದ ಮೈಯ ಆ ಹೆಂಗಸು ಈಗ ಅರ್ಧವಾಗಿದ್ದಳು. ಕೋಣೆಯಲ್ಲಿ ಮುಲಾಮಿನ ವಾಸನೆ, ಬೆವರಿನ ವಾಸನೆ, ತಗಡಿನ ಮಾಡಿನ ಕೆಳಗೆ ಕುದಿಯುವ ಸೆಕೆ. ದಿಂಬು ಒದ್ದೆಯಾಗಿತ್ತು. ಗೋಡೆಯ ಮೇಲ್ತುದಿಯಲ್ಲಿ ಬೆಳಕಿಂಡಿ, ಅದಕ್ಕೆ ಕಟ್ಟಿದ ತೆಳ್ಳನೆಯ ಬಿಳಿ ಬಟ್ಟೆ.

ಚಂಪಾವತಿ ಬಾಗಿಲ ಕಡೆ ನೋಡಿ ಗಾಬರಿಯಾದಳು. ಆಮೇಲೆ ಮೆಲ್ಲಗೆ, “ನೀ ಏನ? ಕುಂದರು,” ಎಂದಳು.

ಸುಗಂಧಾ ಕುಳಿತುಕೊಳ್ಳಲಿಲ್ಲ. “ಯಾವಾಗಿಂದ ನಡದೈತಿ ಇದು?”

“ಹೋದ ಬ್ಯಾಸಗಿಂದ. ನೀ ಮೇಘಾನ ಮನಿಗೆ ಹದಿನೈದ ದಿನಾ ಹೋಗಿದ್ದೆಲ್ಲಾ, ಆವಾಗ ಅಂವ ನನ್ನ ನೋಡಾಕ ಬಂದಿದ್ದ. ಬೆನ್ನ ಮ್ಯಾಲಿನ ಹುಣ್ಣು ನೋಡಿ ಸಣ್ಣ ಹುಡುಗರಗತೆ ಅತ್ತ. ನಾ ಈ ಮನಿಗೆ ಸೊಸಿಯಾಗಿ ಬಂದಾಗ ಹನ್ನೊಂದ ವರ್ಷದವ ಇದ್ದ ಅಂವ. ಅವ್ವ ಇರಲಿಲ್ಲ, ನಾನ ಉಣಿಸಿ ಬೆಳಸೇನಿ.” ಅವಳು ಉಸಿರು ತೆಗೆದುಕೊಂಡಳು. “ಮೂರ ವಾರ ಆತು ಗಾಳಿ ನಿಂತು. ಅಂವ ದಿನಾ ಕೋಲೀಗೆ ಬಂದು ಕೇಳತಾನ, ಈಗ ಬರತೈತೇನ ವೈನಿ, ಈಗ ಬರತೈತೇನ ಅಂತ. ಮೊದಮೊದಲ ಒಂದೀಟ ಬರತೈತಿ ಅಂತ ಸುಳ್ಳ ಹೇಳಿದೆ. ಹದಿನೈದ ದಿನದ ಹಿಂದ ಖರೆ ಹೇಳಿದೆ.”

ಗಾಳಿ ತಡೆಯುವ ತಗಡನ್ನು ಗಂಡ ಪೂರ್ತಿ ತೆರೆದಿಟ್ಟಿದ್ದೇಕೆಂದು ಸುಗಂಧಾಳಿಗೆ ಈಗ ತಿಳಿಯಿತು. ಹೆಚ್ಚು ಬಿಟ್ಟರೆ ಆಚೆ ಮುಟ್ಟೀತು ಎಂದುಕೊಂಡಿದ್ದಾನೆ. ಬಿಟ್ಟಷ್ಟೂ ಸಂದಿಗೆ ಹೋಗಿದೆ.

ಹೇಳಬೇಕೆಂದು ಬಂದ ಮಾತಿನ ಬದಲು ಆರು ವರ್ಷದ ಹಳೆಯ ಮಾತೊಂದು ತಾನಾಗಿಯೇ ಹೊರಗೆ ಬಂತು.

“ಅಕ್ಕಾ, ಒಂದ ಮಾತ ಕೇಳತೇನಿ. ಕಾಗವಾಡದವರಿಗೆ ಹೇಳಿದಾಕಿ ನೀನ ಹೌದೋ ಅಲ್ಲೋ?”

ಚಂಪಾವತಿ ಮಾಡಿನ ಕಡೆ ನೋಡಿದಳು. “ಹೌದು. ನಾನ.”

ಅಲ್ಲ ಎನ್ನುತ್ತಾಳೆ, ತಾನು ನಂಬುವುದಿಲ್ಲ ಎಂದು ಸುಗಂಧಾ ಸಿದ್ಧವಾಗಿದ್ದಳು. ಹೌದು ಎಂಬುದಕ್ಕೆ ಸಿದ್ಧವಾಗಿರಲಿಲ್ಲ.

“ಹುಡುಗನ ಅವ್ವ ಬಸದ್ಯಾಗ ಸಿಕ್ಕಿದ್ಲು. ಸ್ವಾಮಿ ಮುಂದ ನಿಂತು, ಹುಡುಗಿಗೆ ಯಾವಾಗರ ಏನರ ಜಡ್ಡ ಆಗಿತ್ತೇನ್ರಿ ಅಂತ ಕೇಳಿದ್ಲು. ಅಲ್ಲಿ ಸುಳ್ಳ ಹೇಳಾಕ ಬಾಯಿ ಬರಲಿಲ್ಲ ಅಂತ ಇಷ್ಟ ವರ್ಷ ನನಗ ನಾನ ಹೇಳಕೋತ ಬಂದೇನಿ. ಅದೂ ಪೂರಾ ಖರೆ ಅಲ್ಲ. ಜ್ವರದಾಗ ಬಂದಿತ್ತು, ಆಮ್ಯಾಲ ಬರಲಿಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ನನಗ ಮಕ್ಕಳಿಲ್ಲ, ನಿನ್ನ ಮಗಳು ಅಷ್ಟ ದೊಡ್ಡ ಮನಿಗೆ ಹೊಂಟಿದ್ಲು. ಹೊಟ್ಟಿ ಉರದಿತ್ತು.” ಅವಳ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ. “ಗಾಳಿ ಬಂದ್ ಮಾಡಸು ಸುಗಂಧಾ. ಬಾಹುಬಲಿಗೆ ಬೈಬ್ಯಾಡ.”

ಸುಗಂಧಾ ಹೊರಗೆ ಬಂದಳು. ತಾನು ಅನುಮಾನಿಸಿದ್ದು ನಿಜವಾಗಿತ್ತು. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಓಣಿಯ ಬಿಸಿಲಿನಲ್ಲಿ ಎರಡು ಮನೆಗಳ ನಡುವೆ ಅವಳು ಎಷ್ಟು ಹೊತ್ತು ನಿಂತಳೋ ಗೊತ್ತಿಲ್ಲ. ಆ ಒದ್ದೆ ದಿಂಬೇ ಕಣ್ಣ ಮುಂದೆ ಬರುತ್ತಿತ್ತು.

ಅವಳು ಮನೆಗೆ ಬರುವಷ್ಟರಲ್ಲಿ ಬಾಹುಬಲಿಯ ಗಾಡಿ ಬಂದು ನಿಂತಿತ್ತು. ಮೀಟಿಂಗು ಬೇಗ ಮುಗಿದಿತ್ತು. ಸಂಭಾಜಿ ಪಡಸಾಲೆಯಲ್ಲಿ ನೀರು ಕುಡಿಯುತ್ತಿದ್ದ. ಸಾಮಾನಿನ ಕೋಣೆಯ ಬಾಗಿಲಲ್ಲಿ ನಿಂತು ಏಣಿಯನ್ನೂ ತೆರೆದ ಮುಚ್ಚಳವನ್ನೂ ನೋಡುತ್ತಿದ್ದ ಬಾಹುಬಲಿ ಹೆಂಡತಿಯ ಕಡೆ ತಿರುಗಿದ. ಐವತ್ತನಾಲ್ಕು ವರ್ಷದ ಗಂಡಸು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕಂಡ.

“ಚಿಕ್ಕೋಡಿಯವನ ಕಿವ್ಯಾಗ ಏನ್ ಹೇಳಿದ್ರಿ ಆವತ್ತ?” ಎಂದು ಸುಗಂಧಾ ಕೇಳಿದಳು.

“ನೀ ಮನ್ಯಾಗ ಇಲ್ಲದ ದಿನಾ ಬಂದು ಇದನ್ನ ಜೋಡಸು ಅಂದೆ. ಅಂವ ತಿರಗಿ ಬರಲೇ ಇಲ್ಲ. ನನ್ನ ಕೈಗೆ ನಿಲುಕವಲ್ದು.”

“ನನ್ನ ಒಂದ ಮಾತ ಕೇಳಿದ್ರ ನಾ ಏನ ಬ್ಯಾಡ ಅಂತಿದ್ನೇನು?”

“ಅಂತಿದ್ದಿ,” ಎಂದ ಬಾಹುಬಲಿ.

ಅನ್ನುತ್ತಿದ್ದಳು, ನಿಜ. ಸಂಭಾಜಿ ಲೋಟ ಕೆಳಗಿಟ್ಟು ಗೋಡೆಯ ಕಡೆ ನೋಡುತ್ತ ಕುಳಿತಿದ್ದ, ತನಗೇನೂ ಕೇಳಿಸಿಲ್ಲ ಎನ್ನುವ ಹಾಗೆ.

“ಮಿಸ್ತ್ರಿ,” ಎಂದಳು ಸುಗಂಧಾ, “ಆ ಎಂಟನೇ ಬಾಯಿ ಏನ್ ಮಾಡೂದು?”

“ಎರಡ ದಾರಿ ಅದಾವ್ರಿ. ಪೂರಾ ಮುಚ್ಚಿದ್ರ ನಿಮ್ಮ ಏಳೂ ಬಾಯಿಗೆ ಮೊದಲಿನಂಗ ಗಾಳಿ ಬರತೈತಿ. ಇಲ್ಲಾ ತಗಡಿನ ಪೈಪ್ ಹಾಕಿ, ಕ್ಲ್ಯಾಂಪ್ ಬಿಗದು ಪಕ್ಕಾ ಮಾಡತೇನಿ. ಅಲ್ಲಿಗೆ ಬೇಕಾದಷ್ಟ ಬಿಟ್ಟು ತಗಡ ಅಲ್ಲೇ ಕೂಡಸತೇನಿ. ಆದರ ನಿಮ್ಮ ಕಡೆ ಒಂದ ಬಾಯಿ ಬಂದ್ ಮಾಡಬೇಕಾಗತೈತಿ. ಮಷೀನಿಗೂ ಒಂದ ತಾಕತ್ತು ಅಂತ ಐತೆಲ್ಲಾ.”

ಸುಗಂಧಾ ಕೋಣೆಗಳ ಕಡೆ ಒಮ್ಮೆ ನೋಡಿದಳು.

“ಅಡಗಿಮನೀದು ಬಂದ್ ಮಾಡ್ರಿ. ಹೆಂಗೂ ಒಲಿ ಮುಂದ ತಂಪು ನಿಲ್ಲೂದಿಲ್ಲ. ಅದನ್ನ ಪಕ್ಕಾ ಜೋಡಸ್ರಿ.” ಗಂಡನ ಕಡೆ ತಿರುಗಿ, “ಆಕಿನ್ನ ನಾ ಮಾಫ್ ಮಾಡಿಲ್ಲ. ನಿಮಗೂ ಮಾಡಿಲ್ಲ. ಇನ್ನ ಏನೇನ ಮುಚ್ಚಿಟ್ಟೀರಿ, ಈಗ ಹೇಳಿಬಿಡ್ರಿ,” ಎಂದಳು.

“ಏನೂ ಇಲ್ಲ ಸುಗಂಧಾ. ಆಣಿ ಮಾಡಲೇನು?”

“ಬ್ಯಾಡ,” ಎಂದಳು ಅವಳು. ಆಣೆಯನ್ನು ನಂಬುವ ಮನಸ್ಸು ಅವಳಿಗೆ ಆಗ ಇರಲಿಲ್ಲ.

ಸಂಭಾಜಿಯ ಕೆಲಸಕ್ಕೆ ಎರಡೂವರೆ ತಾಸು ಹಿಡಿಯಿತು. ಕೊನೆಗೆ, ಆಚೆ ಗಾಳಿ ಮುಟ್ಟಿದೆಯೋ ಇಲ್ಲವೋ ಯಾರಾದರೂ ಹೋಗಿ ನೋಡಬೇಕು ಎಂದ. ಬಾಹುಬಲಿ ಏಳುವಷ್ಟರಲ್ಲಿ ಸುಗಂಧಾಳೇ ಎದ್ದಳು. ಬೇರೆಯವರು ಬಂದು ಹೇಳಿದರೆ ಅವಳು ನಂಬುತ್ತಿರಲಿಲ್ಲ.

ಚಂಪಾವತಿಯ ಬೆಳಕಿಂಡಿಯ ಬಿಳಿ ಬಟ್ಟೆ ಮೆಲ್ಲಗೆ ಉಬ್ಬಿತ್ತು. ಕೆಳಗೆ ನಿಂತು ಮುಖವೆತ್ತಿದಾಗ ಸುಗಂಧಾಳ ಹಣೆಗೆ ತಂಪು ತಾಗಿತು. ಚಂಪಾವತಿ ಕಣ್ಣು ಮುಚ್ಚಿಕೊಂಡಿದ್ದಳು. ಮೈ ಮಗ್ಗುಲಾಗಿಸಲು ಭೂಪಾಲ ಇಟ್ಟಿದ್ದ ಆಳು ಹೆಂಗಸು ಇನ್ನೂ ಬಂದಿರಲಿಲ್ಲ ಎಂದು ತೋರುತ್ತಿತ್ತು, ಬೆನ್ನ ಕೆಳಗಿನ ಚಾದರದಲ್ಲಿ ಹಸಿ ಕಲೆಯಿತ್ತು. ಸುಗಂಧಾ ಸೆರಗು ಸಿಕ್ಕಿಸಿ, ಒಂದು ಕೈ ಹೆಗಲ ಕೆಳಗೆ, ಒಂದು ಕೈ ಟೊಂಕದ ಕೆಳಗೆ ಕೊಟ್ಟು ಅವಳನ್ನು ಗೋಡೆಯ ಕಡೆ ಹೊರಳಿಸಿದಳು.

ಚಾದರ ಬದಲಿಸುತ್ತಿರುವಾಗ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಬಸದಿಯಿಂದ ಬಂದ ಭೂಪಾಲ ಬಿಳಿಯ ಧೋತರ, ಉತ್ತರೀಯದಲ್ಲಿ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಸುಗಂಧಾಳಿಂದ ಬೆಳಕಿಂಡಿಗೆ ಹೋಗಿ, ಮತ್ತೆ ಕೆಳಗಿಳಿಯಿತು.

“ರಿಪೇರಿ ಆತೇನು?” ಎಂದು ಕೇಳಿದ.

“ಆತ್ರಿ,” ಎಂದಳು ಸುಗಂಧಾ.

ಅವನು ತಲೆಯಾಡಿಸಿ ಹೊರಗಿನ ಕಟ್ಟೆಗೆ ಹೋದ. ಇಷ್ಟು ದಿನ ಅವನಿಗೆ ಗೊತ್ತಿತ್ತೆ? ಯಾವಾಗಿನಿಂದ? ಗೊತ್ತಿದ್ದೂ ಗೊತ್ತಿಲ್ಲದವನ ಹಾಗಿದ್ದದ್ದು ವ್ರತ ಉಳಿಸಿಕೊಳ್ಳುವುದಕ್ಕೋ, ಹೆಂಡತಿಯನ್ನು ಉಳಿಸಿಕೊಳ್ಳುವುದಕ್ಕೋ? ಇದು ಬಾಹುಬಲಿಗೆ ಗೊತ್ತೋ ಇಲ್ಲವೋ? ಚಂಪಾವತಿಯ ಮುಖ ನೋಡಿದಳು. ಅದು ಗೋಡೆಯ ಕಡೆ ಇತ್ತು.

ಭಾನುವಾರ ಬೀಗರು ಬಂದರು, ತಣ್ಣಗಿನ ಮನೆಯಲ್ಲಿ ಕುಳಿತು ಹೊಗಳಿ ಹೋದರು. ಮೇಘಾಳಿಗೆ ಸುಗಂಧಾ ಏನೂ ಹೇಳಲಿಲ್ಲ. ಬಾಹುಬಲಿ ಈಗ ಮುಂಬಾಗಿಲಿನಿಂದಲೇ ಅಣ್ಣನ ಮನೆಗೆ ಹೋಗುತ್ತಿದ್ದ. ಹೋಗುವ ಮುಂಚೆ, ಹೋಗತೇನಿ ಎಂದು ಹೇಳಿಯೇ ಹೋಗುತ್ತಿದ್ದ. ಅವನು ಹೇಳಿ ಹೋದಷ್ಟೂ, ಹೇಳದೆ ಉಳಿಸಿಕೊಂಡದ್ದೇನು ಎಂದು ಸುಗಂಧಾ ಯೋಚಿಸುತ್ತಿದ್ದಳು. ಆದರೂ ದಿನಾ ಮಧ್ಯಾಹ್ನ ಮೂರು ಗಂಟೆಗೆ, ಆಳು ಹೆಂಗಸು ಇಲ್ಲದ ಹೊತ್ತಿನಲ್ಲಿ, ಅವಳು ಆಚೆ ಮನೆಗೆ ಹೋಗಿ ಚಂಪಾವತಿಯ ಮಗ್ಗುಲು ಬದಲಿಸಿ ಬರುತ್ತಿದ್ದಳು. ಹದಿನೈದು ದಿನಕ್ಕೆ ಬೆನ್ನಿನ ಹುಣ್ಣುಗಳು ಒಣಗತೊಡಗಿದವು. ಕಾಗವಾಡದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಅಲ್ಲಿಯೇ ಇದ್ದಾಗ ಮೇಘಾಳ ಫೋನು ಬಂತು.

“ಎಲ್ಲಿದ್ದೀ ಅವ್ವಾ? ಮನಿ ಫೋನ್ ಯಾರೂ ಎತ್ತವಲ್ರು.”

ಸುಳ್ಳು ಹೇಳಬಹುದಿತ್ತು. “ದೊಡ್ಡವ್ವನ ಮನ್ಯಾಗ,” ಎಂದಳು ಸುಗಂಧಾ.

“ದೊಡ್ಡವ್ವಗ ಕೊಡು,” ಎಂದಳು ಮೇಘಾ.

ಸುಗಂಧಾ ಫೋನನ್ನು ಚಂಪಾವತಿಯ ಕಿವಿಗೆ ಹಿಡಿದಳು. ಚಂಪಾವತಿ ತನ್ನ ಸೊರಗಿದ ಕೈಯನ್ನು ಎತ್ತಿ ಫೋನನ್ನು ತಾನೇ ತೆಗೆದುಕೊಂಡಳು. ಮೇಘಾ ಏನು ಹೇಳುತ್ತಿದ್ದಾಳೆಂದು ಕೇಳಿಸಲಿಲ್ಲ. ಚಂಪಾವತಿ ಆಗಾಗ “ಹೂಂ” ಎನ್ನುತ್ತಿದ್ದಳು, ಒಮ್ಮೆ “ಇಲ್ಲವ್ವಾ” ಎಂದಳು, ಒಮ್ಮೆ ತುಟಿ ಕಚ್ಚಿದಳು. ಮೇಘಾ ಬೈಯುತ್ತಿದ್ದಾಳೋ, ಸಮಾಧಾನ ಹೇಳುತ್ತಿದ್ದಾಳೋ? ಸುಗಂಧಾ ಆ ಮುಖವನ್ನು ಎಷ್ಟು ನೋಡಿದರೂ ತಿಳಿಯಲಿಲ್ಲ. ಕೊನೆಗೆ ತಡೆಯಲಾರದೆ, “ಏನಂತ?” ಎಂದು ಮೆಲ್ಲಗೆ ಕೇಳಿ ಫೋನಿಗೆ ಕೈ ಚಾಚಿದಳು.

ಚಂಪಾವತಿ ಬೇಡವೆಂಬಂತೆ ತಲೆಯಾಡಿಸಿ, ಫೋನನ್ನು ಇನ್ನೊಂದು ಕಿವಿಗೆ ಹಿಡಿದುಕೊಂಡಳು. ಸುಗಂಧಾ ಮಂಚದ ಅಂಚಿಗೆ ಕುಳಿತು, ಮಾತು ಮುಗಿಯುವುದನ್ನೇ ಕಾಯತೊಡಗಿದಳು.